ಏಳು ವಾರ್ಡುಗಳ ಹೂಂ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹದಿನೆಂಟು ವರ್ಷದಿಂದ ಒಂದೇ ಕುರ್ಚಿಗೆ ಅಂಟಿಕೊಂಡಿದ್ದ ಆ ಹೆಂಗಸನ್ನು ಎಲ್ಲರೂ ರೀಸ್ಟಾರ್ಟ್ ಅಕ್ಕ ಎಂದೇ ಕರೆಯುತ್ತಿದ್ದರು. ಔಷಧಿ, ಹಾಸಿಗೆ, ರಕ್ತಪರೀಕ್ಷೆ, ಎಲ್ಲದರ ಅಪ್ಲಿಕೇಶನ್ನುಗಳೂ ಒಂದೇ ಸರ್ವರಿನಲ್ಲಿ ಓಡುತ್ತಿದ್ದವು. ಯಾವುದು ಮುಷ್ಕರ ಹೂಡಿತೋ ಅದೊಂದನ್ನು ನಿಲ್ಲಿಸಿ ಮತ್ತೆ ಶುರುಮಾಡುವುದು ಅವಳ ಕೆಲಸ.

"ಅಕ್ಕ, ನಮ್ಮ ಮನೆಯವಳನ್ನೂ ಒಂದ್ಸಲ ರೀಸ್ಟಾರ್ಟ್ ಮಾಡಿಕೊಡಿ," ಎಂದು ಲ್ಯಾಬಿನವನು ಕೀಟಲೆ ಮಾಡುತ್ತಿದ್ದ.

"ಮೊದಲು ನಿನ್ನ ನಾಲಿಗೆ ನಿಲ್ಲಿಸೋಣ ತಮ್ಮಾ."

ನಿಲ್ಲಿಸುವ ಮೊದಲು ಅವಳು ಏಳೂ ವಾರ್ಡುಗಳಿಗೆ ಫೋನು ಮಾಡುತ್ತಿದ್ದಳು. ಕಂಪ್ಯೂಟರಿನಲ್ಲಿ ಅರ್ಧ ತುಂಬಿಸಿದ್ದನ್ನು ಕಾಗದಕ್ಕೆ ಇಳಿಸಿಕೊಳ್ಳಿ ಎಂದು ಹೇಳಿ, ಪ್ರತಿ ವಾರ್ಡಿನಿಂದಲೂ ಹೂಂ ಅನ್ನಿಸಿಕೊಳ್ಳುತ್ತಿದ್ದಳು. ಈ ಕಟ್ಟಳೆ ಅವಳೇ ಹಾಕಿಕೊಂಡದ್ದು. ಹಿಂದೊಮ್ಮೆ ಅವಸರಕ್ಕೆ ಬಿದ್ದು, ಕೇಳದೆ ನಿಲ್ಲಿಸಿದ್ದಳು. ಔಷಧಿ ಕೊಟ್ಟ ದಾಖಲೆ ಅಳಿಸಿಹೋಗಿ ಒಬ್ಬ ಮುದುಕನಿಗೆ ಅದೇ ಇಂಜೆಕ್ಷನ್ ಎರಡು ಸಲ ಬಿತ್ತು. ಅವನು ಉಳಿಯಲಿಲ್ಲ. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವಳ ತಂಗಿ ಮೂರನೇ ಮಹಡಿಯ ವಾರ್ಡಿನಲ್ಲಿ ಮಲಗಿದ್ದ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ರಕ್ತಪರೀಕ್ಷೆಯ ಅಪ್ಲಿಕೇಶನ್ ನಿಂತಲ್ಲೇ ಕಲ್ಲಾಯಿತು. ತಂಗಿಯ ಮೂತ್ರಪಿಂಡ ಕೈಕೊಟ್ಟಿತ್ತು. ಯಾವ ಇಂಜೆಕ್ಷನ್ ಕೊಡಬೇಕೆಂದು ತಿಳಿಯಲು ಡಾಕ್ಟರು ರಕ್ತದ ವರದಿಗಾಗಿ ಕಾದಿದ್ದರು.

ಲ್ಯಾಬಿನವನು ಓಡಿಬಂದ. "ವರದಿ ಒಳಗೇ ಸಿಕ್ಕಿಕೊಂಡಿದೆ ಅಕ್ಕ. ಮತ್ತೆ ಪರೀಕ್ಷೆ ಮಾಡೋಕೆ ಮುಕ್ಕಾಲು ಗಂಟೆ ಬೇಕು. ಬೇಗ ರೀಸ್ಟಾರ್ಟ್ ಮಾಡಿ."

ಆರು ವಾರ್ಡುಗಳು ನಾಲ್ಕೇ ನಿಮಿಷದಲ್ಲಿ ಹೂಂ ಅಂದವು. ಮೂರನೇ ಮಹಡಿಯ ಫೋನು ಮಾತ್ರ ಬಡಿದುಕೊಳ್ಳುತ್ತಲೇ ಇತ್ತು.

"ಒಂದು ವಾರ್ಡು ತಾನೇ, ಬಿಟ್ಟಾಕಿ! ಅಲ್ಲಿರೋದು ನಿಮ್ಮ ತಂಗಿ!"

"ಅಲ್ಲಿ ಇನ್ನೂ ಇಪ್ಪತ್ತು ಜನ ಇದಾರಪ್ಪ."

"ಥೂ, ನಿಮ್ಮ ಕಟ್ಟಳೆಗಿಷ್ಟು!" ಅವನೇ ಮೆಟ್ಟಿಲು ಹತ್ತಿ ಓಡಿದ.

ಅವಳು ಒಂದು ಕೈಯಲ್ಲಿ ರಿಸೀವರ್, ಇನ್ನೊಂದರಲ್ಲಿ ಮೌಸ್ ಹಿಡಿದು ಕೂತಳು. ಬೆರಳು ಎರಡು ಸಲ ಬಾಗಿತು. ಎರಡು ಸಲವೂ ತಡೆದುಕೊಂಡಳು. ಒಂಬತ್ತು ನಿಮಿಷವಾದ ಮೇಲೆ ಆ ಕಡೆ ಫೋನು ಎತ್ತಿದವನು ಲ್ಯಾಬಿನವನೇ. ಏದುಸಿರು ಬಿಡುತ್ತಿದ್ದ.

"ನರ್ಸುಗಳೆಲ್ಲ ನಿಮ್ಮ ತಂಗಿ ಹತ್ತಿರಾನೇ ಇದ್ರು ಅಕ್ಕ. ಅದಕ್ಕೇ ಯಾರೂ ಫೋನ್ ಎತ್ತಲಿಲ್ಲ."

"ಹೂಂ ಅಂದ್ರಾ?"

"ಅಂದ್ರು. ನೀವು ಮೇಲೆ ಬನ್ನಿ."

ಏಕೆ ಎಂದು ಅವಳು ಕೇಳಲಿಲ್ಲ. ಅಪ್ಲಿಕೇಶನ್ ನಿಲ್ಲಿಸಿದಳು. ಪೂರ್ತಿ ನಿಂತಿತೆಂದು ಪರದೆಯ ಮೇಲೆ ಕಾಣುವವರೆಗೆ ಕಾದು, ಶುರುಮಾಡಿದಳು. ಸಿಕ್ಕಿಕೊಂಡಿದ್ದ ವರದಿಗಳು ಒಂದೊಂದಾಗಿ ಹೊರಬಂದವು. ನಾಲ್ಕನೆಯದು ತಂಗಿಯದು. ಆರು ವಾರ್ಡುಗಳಿಗೆ ಫೋನು ಮಾಡಿ, "ಶುರುವಾಗಿದೆ, ಕಾಗದದಲ್ಲಿರೋದನ್ನ ಹತ್ತಿಸಿಕೊಳ್ಳಿ," ಎಂದು ತಿಳಿಸಿದಳು. ಆಮೇಲೆ ಮೇಲೆ ಹೋದಳು.

ತಂಗಿಯ ಮುಖ ಮುಚ್ಚುವಂತೆ ಹೊದಿಕೆ ಎಳೆದಿದ್ದರು. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅಮ್ಮ ತಲೆಯೆತ್ತಿ ನೋಡಿದಳು.

"ಎಲ್ಲಾ ನಿನ್ನ ಕೈಯಲ್ಲೇ ಇತ್ತಂತಲ್ಲೇ?"

ಮುದುಕನ ಕಥೆ, ಇಪ್ಪತ್ತು ಜನರ ಮಾತು, ಯಾವುದನ್ನೂ ಅವಳು ತೆಗೆಯಲಿಲ್ಲ.

"ಇತ್ತಮ್ಮ," ಎಂದಷ್ಟೇ ಹೇಳಿದಳು.

ಅಮ್ಮ ಮುಖ ಆಚೆ ತಿರುಗಿಸಿದಳು.