ನಿಪ್ಪಾಣಿಯ ಮಷಿನ್, ಮಧ್ಯಾಹ್ನದ ಬಾಗಿಲು

ಆಗೆಲ್ಲ ನಮಗೆ ಬೇಸಿಗೆ ರಜೆಯೆಂದರೆ ಕಟ್ಟಿಗೆ ಹೊಟ್ಟಿನ ವಾಸನೆ. ಅಕ್ಕೋಳದ ನಮ್ಮ ಮನೆಗೆ ಅಂಟಿಕೊಂಡೇ ಅಪ್ಪನ ಬಡಿಗತನದ ಪತ್ರಾಸ್ ತಗಡಿನ ಶೆಡ್ಡಿತ್ತು. ಬೇವು ಕೊಯ್ದ ದಿನ ಕುಡಿಯುವ ಮಜ್ಜಿಗೆಯೂ ಕಹಿಯೆನಿಸುತ್ತಿತ್ತು, ಸಾಗವಾನಿ ಕೊಯ್ದ ದಿನ ರೊಟ್ಟಿಗೂ ಶೇಂಗಾ ಚಟ್ನಿಗೂ ಅದರದೇ ಕಮಟು. ಉಳಿದ ತುಂಡುಗಳನ್ನೆಲ್ಲ ಆಯ್ದು ನಾನೂ ತಂಗಿಯೂ ಅಂಗಳದಲ್ಲಿ ಮನೆ ಕಟ್ಟಿ, ಮಣ್ಣಿನ ಅಡಿಗೆ ಮಾಡಿ, ಒಬ್ಬರಿಗೊಬ್ಬರು ಬಡಿಸುತ್ತಿದ್ದೆವು.

ನನ್ನ ಐದನೇ ಇಯತ್ತೆ ಮುಗಿದ ಬೇಸಿಗೆಯಲ್ಲಿ ಅಪ್ಪ ನಿಪ್ಪಾಣಿಯಿಂದ ಒಂದು ಹಳೆಯ ಕಟಿಂಗ್ ಮಷಿನ್ ತಂದ. ಹಿಡಿಕೆ ಹಿಡಿದು ಕೆಳಗೆ ಒತ್ತಿದರೆ ಗುಂಡನೆಯ ಗರಗಸ ಚೀರುತ್ತ ಇಳಿದು ಕಟ್ಟಿಗೆಯನ್ನು ತುಂಡರಿಸುತ್ತಿತ್ತು. ಅದನ್ನಿಟ್ಟುಕೊಂಡಿದ್ದ ಬಡಿಗ ತೀರಿಕೊಂಡಿದ್ದ. ಅಪ್ಪ ಅದನ್ನು ಟೆಂಪೋಕ್ಕೆ ಹೇರುವಾಗ ಅವನ ಮನೆಯವರು ಒಬ್ಬರೂ ಹೊರಗೆ ಬಂದು ನೋಡಲಿಲ್ಲವಂತೆ. ಅವ್ವನಿಗೆ ಅಂಜಲು ಅದೊಂದು ಮಾತು ಸಾಕಾಯಿತು.

ಆ ಮಷಿನ್ನಿನಲ್ಲಿ ಅಪ್ಪ ಮೊದಲು ಮಾಡಿದ್ದು ನಮ್ಮದೇ ನಡುಮನೆಯ ಬಾಗಿಲು. ಚಂದವಾಗಿಯೇ ಇತ್ತು. ಆದರೆ ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದ ಮೇಲೆ, ಗಾಳಿ ಪೂರ್ತಿ ನಿಂತ ಹೊತ್ತಿನಲ್ಲಿ, ಮುಚ್ಚಿದ ಬಾಗಿಲು ಕಿರ್ರೆನ್ನುತ್ತ ತಾನೇ ತೆರೆದುಕೊಳ್ಳುತ್ತಿತ್ತು. ಒಮ್ಮೆಲೇ ಅಲ್ಲ. ಮೊದಲು ಒಂದು ಸಂದು, ಆಮೇಲೆ ಒಬ್ಬ ಮನುಷ್ಯ ಓರೆಯಾಗಿ ಬರುವಷ್ಟು, ಅಲ್ಲಿಗೆ ನಿಂತುಬಿಡುತ್ತಿತ್ತು. ನಾನು ಕೌದಿ ಮುಸುಕೆಳೆದುಕೊಂಡು, ಕಣ್ಣು ಮಾತ್ರ ಹೊರಗಿಟ್ಟು ನೋಡುತ್ತಿದ್ದೆ.

“ಬಾಪಾ, ಕೂಡು. ಬಿಸಲ ಭಾಳ ಐತಿ,” ಅನ್ನುತ್ತಿದ್ದಳು ಅಪ್ಪನ ತಾಯಿ, ನಮ್ಮ ಆಯಿ. ಒಂದು ತಂಬಿಗೆ ನೀರನ್ನು ಹೊಸ್ತಿಲ ಬಳಿ ಸರಿಸುತ್ತಿದ್ದಳು.

“ಯಾರಿಗ್ಹೇಳಾಕತ್ತೀ ಆಯಿ?”

“ಮಷಿನ್ ಹಿಂದ ಬಂದಾನಲ್ಲ, ಅಂವಗ. ಅಂವನೂ ಬಡಿಗ್ಯಾ ಇದ್ದಾಂವ. ಮನಿಗೆ ಬಂದಾಂವಗ ನೀರರ ಕೊಡಬೇಕಲ್ಲೇನ?”

ಆಯಿಗೆ ಅಂಜಿಕೆಯೆಂಬುದೇ ಇರಲಿಲ್ಲ. ಅವಳ ಪಾಲಿನದನ್ನೂ ಸೇರಿಸಿ ಅವ್ವನೇ ಅಂಜುತ್ತಿದ್ದಳು. ಚಿಂಚಲಿ ಮಾಯಕ್ಕ ದೇವಿಯ ಭಂಡಾರವನ್ನು ದಿನಾ ಬೆಳಿಗ್ಗೆ, ಅಪ್ಪ ಶೆಡ್ಡಿಗೆ ಹೋಗುವ ಮೊದಲೇ, ಕಸ ಹೊಡೆಯುವ ನೆಪದಲ್ಲಿ ಅವನಿಂದ ಕೀಲಿ ಇಸಿದುಕೊಂಡು, ಆ ಮಷಿನ್ ಮೇಲೆ ಮುಷ್ಟಿಗಟ್ಟಲೆ ಎರಚಿ ಬರುತ್ತಿದ್ದಳು. ಆ ಅರಿಶಿನ ಪುಡಿಯಲ್ಲಿ ಕಬ್ಬಿಣದ ಮಷಿನ್ ಮದುಮಗನ ಹಾಗೆ ಕೂತಿರುತ್ತಿತ್ತು.

ಅಪ್ಪನ ಗೋಳು ಬೇರೆ. ಮಷಿನ್ ನೆಟ್ಟಗೆ ಕೊಯ್ಯುತ್ತಲೇ ಇರಲಿಲ್ಲ. ಕೊಯ್ದ ತುಂಡಿಗೆ ಗುಣ್ಯಾ, ಅಂದರೆ ಮೂಲೆ ಅಳೆಯುವ ಕಬ್ಬಿಣದ ಪಟ್ಟಿ, ಹಚ್ಚಿ ಬೆಳಕಿಗೆ ಹಿಡಿದರೆ ನಡುವೆ ನೂಲಿನಷ್ಟು ಬೆಳಕು. ಸಂಜೆ ಕೂತು ಸರಿಮಾಡುತ್ತಿದ್ದ, ಬೆಳಿಗ್ಗೆ ಮತ್ತೆ ವಾರೆ. “ಯಾರೋ ಬಂದು ತಿರುವಿ ಹೋಗ್ಯಾರ ನೋಡು,” ಎಂದು ಅಪ್ಪ ಒಮ್ಮೆ ನಗುತ್ತ ಅಂದ. ಮರುದಿನ ಅದೇ ಮಾತನ್ನು ನಗದೆ ಅಂದ. ಶೆಡ್ಡಿನ ಕೀಲಿಯೇನೋ ರಾತ್ರಿಯಿಡೀ ಅವನ ಉಡದಾರದಲ್ಲೇ ಇರುತ್ತಿತ್ತು.

ಅಷ್ಟರಲ್ಲಿ ನೆರೆಮನೆಯ ತಾನಾಜಿ ಕಾಕಾ ಹೊಸ ಮನೆಯ ತಲೆಬಾಗಿಲಿನ ಚೌಕಟ್ಟು ಮಾಡಲು ಹೇಳಿದ. ಮುಹೂರ್ತವೂ ಗೊತ್ತಾಗಿತ್ತು. “ಮಲ್ಲಪ್ಪಾ, ನಿಮ್ಮನಿ ಬಾಗಲದಂಗ ಮಾಡಬ್ಯಾಡ ಮತ್ತ,” ಎಂದು ನಕ್ಕ. ಆ ನಗು ಅಪ್ಪನಿಗೆ ನಾಟಿತು. ಚೌಕಟ್ಟು ವಾಲಿದರೆ ಊರಲ್ಲಿ ಯಾರೂ ಮುಂದೆ ಕೆಲಸ ಕೊಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಎರಡು ಸಾಗವಾನಿ ತೊಲೆ ಹಾಳಾದ ಮೇಲೆ ಊಟ ಬಿಟ್ಟು ಎದ್ದ. ಮಷಿನ್ ಬಿಚ್ಚಲು ಕೂತ.

ಕೋನಕ್ಕೆ ತಿರುಗುವ ಅದರ ತಟ್ಟೆಯನ್ನು ಎತ್ತಿದಾಗ ನಾವೆಲ್ಲ ಸುತ್ತ ನಿಂತಿದ್ದೆವು. ಕೆಳಗೆ, ಕೋನವನ್ನು ಬಿಗಿಹಿಡಿಯುವ ಹಲ್ಲು ಕೂರಬೇಕಾದ ಕಚ್ಚಿನಲ್ಲಿ, ಎಣ್ಣೆ ಕುಡಿದ ಭಂಡಾರ ಗಟ್ಟಿಯಾಗಿ ತುಂಬಿಕೊಂಡಿತ್ತು. ಹಲ್ಲು ಪೂರ್ತಿ ಇಳಿಯದೆ ಪಕ್ಕಕ್ಕೆ ಜಾರುತ್ತಿತ್ತು. ಅಪ್ಪ ದಿನಾ ಸಂಜೆ ಮಾಡಿದ್ದನ್ನು ಅವ್ವ ದಿನಾ ಬೆಳಿಗ್ಗೆ ಕೆಡಿಸುತ್ತಿದ್ದಳು. “ದೆವ್ವ ನೀನೇ ಬಿಡು!” ಎಂದು ಅಪ್ಪ ಹೊಟ್ಟೆ ಹಿಡಿದು ನಕ್ಕ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು.

ಆಮೇಲೆ ಅಪ್ಪ ಉಳಿಯಿಂದ ಕೆರೆಯತೊಡಗಿದ. ಹಳದಿಯ ಕೆಳಗೆ ಮತ್ತೊಂದು ಪದರು ಬಂತು. ಕಪ್ಪಿಟ್ಟ ಕುಂಕುಮ, ಕಲ್ಲಿನಂತಾಗಿತ್ತು. ಅದು ನಮ್ಮದಲ್ಲ, ಅವ್ವ ಭಂಡಾರ ಎರಚುವ ಮೊದಲೇ ಕೊಯ್ದಿದ್ದ ನಮ್ಮ ಬಾಗಿಲು ಕೆಟ್ಟದ್ದು ಅದರಿಂದಲೇ. ಖಂಡೇನವಮಿಯ ಆಯುಧಪೂಜೆಗೆ ಎಲ್ಲರೂ ಕುಂಕುಮ ಹಚ್ಚುತ್ತಾರೆ, ಆದರೆ ಬೊಟ್ಟಿನಷ್ಟು. ಇದು ಮುಷ್ಟಿಗಟ್ಟಲೆ ಇತ್ತು.

“ನಿಪ್ಪಾಣಿಯವರು ಯಾರಿಗೆ ಅಂಜಿ ಹಾಕಿದ್ರೋ ಇದನ್ನ?” ಎಂದಳು ಅವ್ವ ಮೆಲ್ಲಗೆ.

ಅಪ್ಪನ ನಗು ನಿಂತುಹೋಯಿತು. ಆ ಉರಿಬಿಸಿಲಲ್ಲೂ ನನ್ನ ಮೈಮೇಲೆ ಮುಳ್ಳೆದ್ದವು.

ಅದನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ಮಷಿನ್ ಕೊಯ್ದ ತುಂಡಿಗೂ ಗುಣ್ಯಾಕ್ಕೂ ನಡುವೆ ಬೆಳಕು ತೂರಲಿಲ್ಲ. ತಾನಾಜಿ ಕಾಕಾನ ಚೌಕಟ್ಟು ಮುಹೂರ್ತಕ್ಕೆ ಸರಿಯಾಗಿ, ಸೆಟೆದು ನಿಂತಿತು. ಅದೇ ಹುರುಪಿನಲ್ಲಿ ಅಪ್ಪ ನಮ್ಮ ನಡುಮನೆಯ ಬಾಗಿಲನ್ನೂ ಬಿಚ್ಚಿ, ಚೌಕಟ್ಟನ್ನು ಹೊಸದಾಗಿ ಕೊಯ್ದು ಕೂರಿಸಿದ.

ಅಂದಿನಿಂದ ಅದು ತೆರೆಯಲಿಲ್ಲ. ಆಯಿ ಮಧ್ಯಾಹ್ನವಿಡೀ ಬಾಗಿಲ ಕಡೆ ಮುಖಮಾಡಿ ಕೂತಿರುತ್ತಿದ್ದಳು. ತಂಬಿಗೆಯ ನೀರನ್ನು ಸಂಜೆ ತುಳಸಿಗೆ ಸುರಿಯುತ್ತಿದ್ದಳು. ಮಾತು ಕಡಿಮೆಯಾಯಿತು, ಊಟವೂ ಅರ್ಧಕ್ಕೆ ಬಂತು. “ನೀರ ಕೇಳಿ ಬಂದಾಂವನ್ನ ಹೊರಗ ಹಾಕಿದ್ವಲ್ಲೋ,” ಎಂದಳು ಅಪ್ಪನಿಗೆ.

ಒಂದು ದಿನ ಆಯಿ ಬಚ್ಚಲಿಗೆ ಹೋದಾಗ ಅಪ್ಪ ಬಾಗಿಲಿನ ಕೆಳಗಿನ ಬಿಜಾಗರಿ ಸಡಿಲಿಸಿ, ಹಿಂದೆ ರಟ್ಟಿನ ಚೂರೊಂದನ್ನು ಸೇರಿಸಿದ್ದನ್ನು ನಾನು ಕಂಡೆ. ನೂಲಿನಷ್ಟು ಬೆಳಕಿಗಾಗಿ ಊಟ ಬಿಟ್ಟಿದ್ದ ಮನುಷ್ಯ, ತನ್ನ ಕೈಯಾರೆ ಬಾಗಿಲು ವಾರೆ ಮಾಡಿದ. ಮಧ್ಯಾಹ್ನ ಎಲ್ಲರೂ ಮಲಗಿದ ಹಾಗೆ ಮಾಡಿದೆವು. ಬಾಗಿಲು ಕಿರ್ರೆಂದಿತು. ಒಂದು ಸಂದು, ಆಮೇಲೆ ಒಬ್ಬ ಮನುಷ್ಯ ಓರೆಯಾಗಿ ಬರುವಷ್ಟು. ನಾನಂತೂ ಮೊದಲಿನ ಹಾಗೆಯೇ ಕೌದಿ ಮುಸುಕೆಳೆದುಕೊಂಡೆ.

ಆಯಿ ತಲೆಯೆತ್ತಿ ನೋಡಿದಳು, ಬಹಳ ಹೊತ್ತು. ತಂಬಿಗೆಯನ್ನು ಮುಟ್ಟಲಿಲ್ಲ.

“ಮುಚ್ಚವ್ವಾ ಬಾಗಲಾ,” ಎಂದಳು ನನಗೆ. “ಯಾರೂ ಬಂದಿಲ್ಲ.”

ಈಗ ಆಯಿ ಇಲ್ಲ, ಅಪ್ಪನೂ ಇಲ್ಲ. ನನ್ನ ಚಿಕ್ಕೋಡಿಯ ಮನೆಗೆ ಫ್ಯಾಕ್ಟರಿಯ ರೆಡಿಮೇಡ್ ಬಾಗಿಲುಗಳು. ಒಮ್ಮೊಮ್ಮೆ ಅವೂ ಮಧ್ಯಾಹ್ನ ತಾವಾಗಿ ತೆರೆದುಕೊಳ್ಳುತ್ತವೆ. ನಾನು ಎದ್ದು ಹೋಗಿ ಆ ಸಂದಿನ ಮುಂದೆ ನಿಲ್ಲುತ್ತೇನೆ. ಯಾರಾದರೂ ಬಂದರೋ, ಯಾರೂ ಬರಲಿಲ್ಲವೋ, ನೋಡಿ ಹೇಳುವವರು ಮನೆಯಲ್ಲಿ ಒಬ್ಬರೂ ಉಳಿದಿಲ್ಲ.