ಅಕ್ಕ ಕೇಳುತ್ತಿದ್ದ ಹೂಂ

ಎಂಟರ್ ಬಟನ್ನಿನ ಮೇಲೆ, ಮುಟ್ಟದ ಹಾಗೆ, ಒಂದು ಭತ್ತದ ಕಾಳಿನಷ್ಟು ಎತ್ತರದಲ್ಲಿ ಅಕ್ಕನ ತೋರುಬೆರಳು ನಿಂತಿರುತ್ತಿತ್ತು. ಉಗುರಿನ ಸಂದಿಯಲ್ಲಿ ಬೆಳಗಿನ ಅರಿಶಿನ. ಎಷ್ಟು ಹೊತ್ತು ನಿಂತರೂ ಆ ಬೆರಳು ನಡುಗುತ್ತಿರಲಿಲ್ಲ.

ಆ ಎರಡನೇ ಶನಿವಾರ ಮದ್ದೂರಿನ ನಮ್ಮ ಎಳನೀರು ಕಂಪನಿಯ ಸರ್ವರ್ ಕೋಣೆಯಲ್ಲಿ ಇದ್ದದ್ದು ಇಬ್ಬರೇ: ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದ ಅಕ್ಕ, ಸರಕು ರವಾನೆ ವಿಭಾಗದ ನಾನು. ಬಾಗಿಲಾಚೆ ಕಂಪನಿಯ ಯಜಮಾನರು ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡುತ್ತಿದ್ದರು. ಅಂಗಳದಲ್ಲಿ ಎರಡು ಲಾರಿಗಳಿಗೆ ಎಳನೀರಿನ ಡಬ್ಬಗಳನ್ನು ತುಂಬುತ್ತಿದ್ದರು. ಪರೀಕ್ಷಾಲಯದ ವರದಿ ಮೇಲ್‌ನಲ್ಲಿ ಬಂದು, ಸಂಜೆ ನಾಲ್ಕಕ್ಕೆ ಲಾರಿಗಳು ಹೊರಟರೆ ಮಾತ್ರ ಚೆನ್ನೈನಲ್ಲಿ ಹಡಗು ಸಿಗುತ್ತಿತ್ತು. ಹಳೆಯ ಸರ್ವರ್ ವಾರಕ್ಕೆರಡು ಸಲ ಮೂರ್ಛೆ ಬೀಳುತ್ತಿದ್ದುದರಿಂದ, ರಜೆಯ ದಿನ ನೋಡಿ ಅದಕ್ಕೆ ಹೊಸ ವ್ಯವಸ್ಥೆ ಹಾಕಿ ಮಧ್ಯಾಹ್ನದೊಳಗೆ ಎಬ್ಬಿಸಿ ನಿಲ್ಲಿಸುವುದು ಅಕ್ಕನ ಲೆಕ್ಕ. ಎಡವಿದರೆ ಆ ಕೋಣೆಯ ಬೀಗದಕೈ ಬೆಂಗಳೂರಿನ ಗುತ್ತಿಗೆದಾರರಿಗೆ ಹೋಗುತ್ತದೆಂದು ಯಜಮಾನರು ಮೊದಲೇ ಹೇಳಿದ್ದರು.

ಅಕ್ಕ ಕೊತ್ತತ್ತಿಯವರು. ಮಂಡ್ಯದಲ್ಲಿ ಡಿಪ್ಲೊಮಾ ಓದಿ, ಟೈಪಿಸ್ಟಾಗಿ ಸೇರಿ, ಬಂದ ಮೆಕ್ಯಾನಿಕ್ಕುಗಳ ಹಿಂದೆ ನಿಂತು ನೋಡಿ ನೋಡಿಯೇ ಸರ್ವರ್ ವಿದ್ಯೆ ಕಲಿತವರು. ಪ್ರತಿ ಸಂಜೆ ಇಡೀ ಕಂಪನಿಯ ಪತ್ರಗಳನ್ನು ಒಂದು ಪುಟ್ಟ ಡಿಸ್ಕಿಗೆ ನಕಲು ಮಾಡಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ನಾನು ರೇಗಿಸಿದರೆ, "ಬಿತ್ನೆ ಕಾಳೆಲ್ಲ ಒಂದೇ ಅಟ್ಟೀಲಿ ಮಡೀಕಂಡು ಇಲಿ ಬಿದ್ರೆ, ಆಮ್ಯಾಕೆ ಏನ್ ಬಿತ್ತೀಯಪ್ಪಾ?" ಅನ್ನುತ್ತಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ದೊಡ್ಡ ಕೆಲಸವನ್ನು ಅಕ್ಕ ಎಂದೂ ಒಬ್ಬರೇ ಮಾಡುತ್ತಿರಲಿಲ್ಲ. ಮಾಡಬೇಕಾದ್ದನ್ನೆಲ್ಲ ಹಿಂದಿನ ದಿನವೇ ಕಾಗದದಲ್ಲಿ ಬರೆದು ಪಕ್ಕದಲ್ಲಿ ಕೂತವರ ಕೈಗೆ ಕೊಡುವರು. ತೆರೆಯ ಮೇಲೆ ಟೈಪು ಮಾಡಿ, ಜೋರಾಗಿ ಓದಿ, ಬೆರಳನ್ನು ಎಂಟರ್ ಮೇಲೆ ತಂದು ಕಾಯುವರು. ಪಕ್ಕದವರು ಕಾಗದವನ್ನೂ ತೆರೆಯನ್ನೂ ತಾಳೆ ನೋಡಿ "ಹೂಂ" ಅಂದರೆ ಮಾತ್ರ ಬೆರಳು ಇಳಿಯುತ್ತಿತ್ತು. "ನನ್ ಕಣ್ಣು ನಾನ್ ಅಂದ್ಕಂಡಿದ್ನೇ ಓದ್ತದೆ ಕಣಪ್ಪ. ಇನ್ನೊಬ್ರ ಕಣ್ಣು ಇರೋದ ಓದ್ತದೆ."

ಹೂಂ ಅನ್ನುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ. ಅಜ್ಜಿ ಕತೆ ಹೇಳುವಾಗ ಹೂಂಗುಟ್ಟದಿದ್ದರೆ ಕತೆ ಅಲ್ಲೇ ನಿಂತುಬಿಡುತ್ತಿತ್ತು. ಹಾಗಾಗಿ ಅರ್ಧ ನಿದ್ದೆಯಲ್ಲೂ ಸರಿಯಾದ ಜಾಗದಲ್ಲಿ ಹೂಂ ಅನ್ನುವುದನ್ನು ಐದನೇ ವಯಸ್ಸಿಗೇ ಕಲಿತಿದ್ದೆ.

ಅವತ್ತು ಏಳರಿಂದ ಹನ್ನೊಂದರವರೆಗೆ ಎಲ್ಲವೂ ಸಲೀಸಾಗಿ ನಡೆಯಿತು. ಸರ್ವರಿನಲ್ಲಿ ಎರಡು ಡಿಸ್ಕುಗಳಿದ್ದವು. ಒಂದನೆಯದರಲ್ಲಿ ಕಂಪನಿಯ ಅಷ್ಟೂ ಪತ್ರ, ಎರಡನೆಯದು ಹೊಸದು. ಆ ಹೊಸದನ್ನು ಪೂರ್ತಿ ಒರೆಸಿ ಸಜ್ಜು ಮಾಡುವುದಷ್ಟೇ ಬಾಕಿ.

"ಎರಡ್ನೇ ಡಿಸ್ಕ್ ಒರಸ್ತಾ ಇವ್ನಿ" ಎಂದು ಅಕ್ಕ ಓದಿದರು. ಅದೇ ಹೊತ್ತಿಗೆ ಕಿಟಕಿಯಾಚೆ ಒಂದು ಲಾರಿ ರಿವರ್ಸಿನಲ್ಲಿ ಗೋಡೆಯತ್ತ ಬರುತ್ತಿತ್ತು. ನನ್ನ ಕಣ್ಣು ಅಲ್ಲಿತ್ತು.

"ಹೂಂ" ಅಂದೆ.

ಬೆರಳು ಇಳಿಯಿತು. ಲಾರಿ ಗೋಡೆಗೆ ತಗಲದೆ ನಿಂತಿತು. ನಾನು ಸಮಾಧಾನದಿಂದ ಈಚೆ ತಿರುಗಿದರೆ ಅಕ್ಕನ ಮುಖ ಸುಣ್ಣವಾಗಿತ್ತು. ಕಾಗದದಲ್ಲಿ ಎರಡು ಎಂದಿತ್ತು. ತೆರೆಯಲ್ಲಿ ಒಂದು ಎಂದಿತ್ತು. ಅವರು ತಪ್ಪು ಟೈಪು ಮಾಡಿ, ಅಂದುಕೊಂಡದ್ದನ್ನೇ ಓದಿದ್ದರು. ಇರುವುದನ್ನು ಓದಬೇಕಾದ ಕಣ್ಣು ಅಂಗಳದಲ್ಲಿತ್ತು.

"ನೋಡ್ದೇನ್ಲಾ?" ಅಂದರು ಮೆಲ್ಲಗೆ. ನನಗೆ ಅವರು 'ಲಾ' ಅಂದದ್ದು ಅದೇ ಮೊದಲು.

"ಇಲ್ಲ ಅಕ್ಕ."

ಬೈಯಲಿಲ್ಲ. ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು, ಸೀರೆಯ ತುಂಡು ಬಿಚ್ಚಿ, ಡಿಸ್ಕನ್ನು ಸರ್ವರಿಗೆ ಸಿಕ್ಕಿಸಿದರು. ಹಿಂದಿನ ಸಂಜೆಯೇ ಮೇಲ್ ನಿಲ್ಲಿಸಿ ನಕಲು ತೆಗೆದಿದ್ದರಿಂದ ಒಂದು ಪತ್ರವೂ ಹಾಳಾಗಿರಲಿಲ್ಲ. ಹಾಳಾದದ್ದು ಹೊತ್ತು. ಅಷ್ಟನ್ನೂ ವಾಪಸು ತುಂಬಲು ನಾಲ್ಕು ಗಂಟೆ ಬೇಕಿತ್ತು.

ಯಜಮಾನರು ಒಳಗೆ ಬಂದರು. "ಏನಾಯ್ತಮ್ಮ?"

"ಮುಗಿಯಾಕೆ ಮದ್ಯಾನ ಮೂರಾಯ್ತದೆ ಸಾ."

"ವರದಿ ಕಳಿಸಿದ್ರೆ ವಾಪಸ್ ಬಂತಂತೆ, ಪರೀಕ್ಷಾಲಯದೋರು ಫೋನ್ ಮಾಡಿದ್ರು. ವಾಟ್ಸಾಪಿಗೆ ಹಾಕಿ ಅಂದ್ರೆ ಆಗಲ್ವಂತೆ, ಕಂಪನಿ ವಿಳಾಸಕ್ಕೇ ಬರಬೇಕಂತೆ!"

"ವಾಪಸ್ ಓಗಿಲ್ಲ ಸಾ. ಬಾಗ್ಲು ಹಾಕಿದ್ರೆ ಅಂಚೆಯವ್ನು ಕಾಗದ ಹರಿದಾಕ್ತಾನಾ? ಸುತ್ತಾಡ್ಕಂಡು ತಿರ್ಗಾ ಬತ್ತಾನೆ. ಇದೂ ಅಂಗೇಯ."

ಆ ನಾಲ್ಕು ಗಂಟೆ ನಾವಿಬ್ಬರೂ ನೀರು ಕೂಡ ಕುಡಿಯಲಿಲ್ಲ. ಮೂರೂ ಹತ್ತಕ್ಕೆ ನಕಲು ಮುಗಿಯಿತು. ಅಕ್ಕ ಮೇಲ್‌ಗೆ ಬಾಗಿಲು ತೆರೆದರು. ಒಂದು ಪತ್ರವೂ ಬರಲಿಲ್ಲ. ಐದು ನಿಮಿಷ. ಹತ್ತು ನಿಮಿಷ. ಹೊರಗೆ ಲಾರಿಯವನೊಬ್ಬ ಸುಮ್ಮಸುಮ್ಮನೆ ಹಾರನ್ ಒತ್ತುತ್ತಿದ್ದ. ಯಜಮಾನರು ಬೆಂಗಳೂರಿಗೆ ಫೋನ್ ಹಚ್ಚಿದ್ದು ಕೇಳಿಸಿತು.

ಅಕ್ಕ ತಂತಿಗಳನ್ನು ನೋಡಿದರು, ವಿಳಾಸಗಳನ್ನು ನೋಡಿದರು. ಕೊನೆಗೆ ತಮಗೆ ತಾವೇ ಒಂದು ಪತ್ರ ಕಳಿಸಿಕೊಂಡು, ಅದರ ಮೇಲಿನ ತಾರೀಖಿನ ಮೇಲೆ ಬೆರಳಿಟ್ಟು, "ಓದು" ಅಂದರು.

ಈ ಸಲ ಅಕ್ಷರ ಅಕ್ಷರ ಓದಿದೆ. ವರ್ಷವೇ ತಪ್ಪಿತ್ತು. ಆರಿಸಿ ಹೊತ್ತಿಸುವಾಗ ಯಂತ್ರದ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಜಾರಿತ್ತು. ಕಾಲವೇ ಸರಿಯಿಲ್ಲದ ಸರ್ವರನ್ನು ನಂಬದೆ ಹೊರಗಿನ ಸರ್ವರುಗಳು ಪತ್ರ ಇಳಿಸದೇ ಹೋಗುತ್ತಿದ್ದವು. ಅಕ್ಕ ಗಡಿಯಾರ ತಿದ್ದಿದರು. ಮೂರೂ ನಲವತ್ತಕ್ಕೆ ಮೊದಲ ಪತ್ರ, ಹಿಂದೆಯೇ ಎಂಟು, ಅದರ ಹಿಂದೆ ಪರೀಕ್ಷಾಲಯದ ವರದಿ. ಅಚ್ಚು ತೆಗೆದು, ಓಡಿಹೋಗಿ ಲಾರಿಯವರ ಕೈಗೆ ಕೊಟ್ಟೆ.

ಲಾರಿಗಳು ಗೇಟು ದಾಟಿದ ಮೇಲೆ ಯಜಮಾನರು ಕೋಣೆಗೆ ಬಂದು ನಿಂತರು. "ಹಡಗು ಸಿಕ್ತದೆ, ಸರಿ. ಈಗ ಹೇಳಿ, ತಪ್ಪು ಯಾರ್ದು? ತಪ್ಪು ಮಾಡಿದೋರ ಕೈಗೆ ಈ ಕೋಣೆ ಇನ್ನು ಬಿಡಲ್ಲ."

ನನ್ನ ಬಾಯಿ ತೆರೆಯಿತು. ಮೇಜಿನ ಕೆಳಗೆ ಅಕ್ಕ ನನ್ನ ಕಾಲು ತುಳಿದರು.

"ಒತ್ತಿದ್ದು ನಾನು ಸಾ. ನಂದೇ."

ಅವರು ಹೋದ ಮೇಲೆ ನಾನು ಅಳುವುದೊಂದು ಬಾಕಿ. "ನಾನು ನೋಡದೆ ಹೂಂ ಅಂದೆ ಅಂತ ಹೇಳ್ತೀನಿ ಅಕ್ಕ."

"ಸುಮ್ನಿರಪ್ಪ. ತಪ್ಪು ಟೈಪು ಮಾಡ್ದೋಳು ನಾನೇ ತಾನೆ? ಹೂಂ ಅಂದೋನ ಹಿಡ್ದು ಶಿಕ್ಷೆ ಕೊಟ್ರೆ ನಾಳೆಯಿಂದ ಈ ಕುರ್ಚೀಲಿ ಯಾರ್ ಕೂತಾರು? ಯಾರೂ ಕೂರಲ್ಲ. ಮಿಷಿನ್ ಮುಂದೆ ಒಬ್ಬೊಬ್ರೇ ಕೂತ್ಕಂಡ್ರೆ ಕಂಪನಿ ಉಳೀತದಾ? ಓಗು, ಉಣ್ಣೋಗು."

ಸೋಮವಾರ ಬೆಂಗಳೂರಿನವರು ಬಂದರು. ಯಜಮಾನರು ಅಕ್ಕನನ್ನು ಮಳವಳ್ಳಿಯ ಗೋಡೌನಿಗೆ, ಡಬ್ಬ ಎಣಿಸುವ ಕೆಲಸಕ್ಕೆ ಹಾಕಿದರು. ಹೊರಡುವ ಮುನ್ನ ಅಕ್ಕ ಬಂದವರಿಗೆ ಗಡಿಯಾರದ ವಿಷಯವನ್ನು ಎರಡು ಸಲ ಹೇಳಿ, ಅವರು ಬರೆದುಕೊಳ್ಳುವವರೆಗೂ ನಿಂತಿದ್ದರು. ಆಮೇಲೆ ನಾನು ಮಳವಳ್ಳಿಗೆ ಹೋದಾಗಲೆಲ್ಲ ಸರ್ವರ್ ಹೇಗಿದೆಯೆಂದು, ನೆಂಟರ ಮನೆಗೆ ಕೊಟ್ಟ ಹಸುವನ್ನು ಕೇಳುವ ಹಾಗೆ ಕೇಳುತ್ತಿದ್ದರು. ನಾನು ನಿಜ ಹೇಳುತ್ತೇನೆಂದು ಎಷ್ಟೋ ಸಲ ಹೊರಟೆ. ಅವರು ಬೇಡವೆಂದಿದ್ದಾರೆ ಎಂಬುದು ನನಗೆ ಒಳ್ಳೆಯ ನೆಪವಾಯಿತು.

ಎರಡು ವರ್ಷದ ಮೇಲೆ, ಒಂದು ವಾರದ ಜ್ವರದಲ್ಲಿ ಅಕ್ಕ ತೀರಿಕೊಂಡರು. ಕೊತ್ತತ್ತಿಯಲ್ಲಿ ಮಣ್ಣು ಕೊಟ್ಟು ಯಜಮಾನರ ಕಾರಿನಲ್ಲೇ ವಾಪಸು ಹೊರಟೆವು. ಊರ ಗದ್ದೆ ಬಯಲು ದಾಟುವ ಮೊದಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ: ಲಾರಿ, ಕಿಟಕಿ, ಮೇಜಿನ ಕೆಳಗೆ ತುಳಿದ ಕಾಲು. ಮಂಡ್ಯ ಹತ್ತಿರವಾಗುತ್ತಿತ್ತು. ಯಜಮಾನರು ಡ್ರೈವರಿಗೆ, "ತಿರುಗ್ಸು" ಅಂದರು.

"ಮಣ್ ಕೊಟ್ಟು ಬಂದೋರು ತಿರ್ಗಾ ಆ ಮನೆಗೆ ಓಗ್ಬಾರ್ದು ಸಾ" ಅಂದ ಡ್ರೈವರ್.

"ತಿರುಗ್ಸಯ್ಯಾ."

ಅಕ್ಕನ ಗಂಡ ಒಬ್ಬರೇ ಜಗುಲಿಯ ಮೇಲೆ ಕೂತಿದ್ದರು. ಯಜಮಾನರು ಕೆಳಗೇ ಚಪ್ಪಲಿ ಬಿಟ್ಟು, ಜಗುಲಿ ಹತ್ತಿ, ಅವರ ಪಕ್ಕ ಬರಿನೆಲದ ಮೇಲೇ ಕೂತರು.