ಒದ್ದೆ ಟವೆಲಿನ ತರ್ಕಶಾಸ್ತ್ರ

ಸ್ನಾನ ಮುಗಿಸಿ ಬಂದ ಗಂಡಸು ಒದ್ದೆ ಟವೆಲನ್ನು ಹಾಸಿಗೆಯ ಮೇಲೆಯೇ ಏಕೆ ಎಸೆಯುತ್ತಾನೆ ಎಂಬುದಕ್ಕೆ ಯಾವ ಶಾಸ್ತ್ರದಲ್ಲೂ ಉತ್ತರವಿಲ್ಲ. "ಒಂದು ದಿನವಾದರೂ ನೀವು ಟವೆಲ್ ಒಣಗಿಸಿದ್ದುಂಟಾ ಮಾರಾಯ್ರೆ?" ಎಂದು ಉಡುಪಿ ಕಡೆಯವಳಾದ ನನ್ನ ಹೆಂಡತಿ ವಾರಿಜಾ ಮುಂಬಯಿಯ ವಡಾಲದ ನಮ್ಮ ಎರಡು ಕೋಣೆಯ ಮನೆಯಲ್ಲಿ ಮೂವತ್ತು ವರ್ಷಗಳಿಂದ ಕೇಳುತ್ತಿದ್ದಾಳೆ. ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟೇ ತಲೆ ನರೆಸಿಕೊಂಡ ನಾನು, ಯಾವುದೋ ಚೌತಿಯ ಬೆಳಿಗ್ಗೆ ಒಣಗಿಸಿದ್ದನ್ನು ನೆನಪಿಸಿ ಪ್ರತಿಸಲವೂ ಗೆಲ್ಲುತ್ತಿದ್ದೆ.

ಗೆಲುವಿನ ಗುಟ್ಟು ನಿಮಗೂ ಹೇಳುತ್ತೇನೆ. ತರ್ಕದಲ್ಲಿ ತಲೆಕೆಳಗಾದ ಇಂಗ್ಲಿಷಿನ 'ಎ' (A) ಅಕ್ಷರಕ್ಕೆ 'ಎಲ್ಲರೂ' ಎಂದರ್ಥ, ಹಿಂದುಮುಂದಾದ 'ಇ' (E) ಅಕ್ಷರಕ್ಕೆ 'ಒಬ್ಬರಾದರೂ ಇದ್ದಾರೆ' ಎಂದರ್ಥ. ಮೇಷ್ಟ್ರು ನಿದ್ದೆಗಣ್ಣಿನಲ್ಲಿ ಬರೆದರೆಂದೇ ಮಕ್ಕಳು ಭಾವಿಸುತ್ತಿದ್ದರು. 'ಎಲ್ಲರೂ ಹೀಗೆ' ಎಂಬುದನ್ನು ಸಾಧಿಸಲು ಒಬ್ಬರನ್ನೂ ಬಿಡದೆ ಪರೀಕ್ಷಿಸಬೇಕು. ಅದನ್ನು ಕೆಡವಲು ಹಾಗಲ್ಲದ ಒಬ್ಬರು ಸಾಕು.

ಎರಡು ವರ್ಷದ ಹಿಂದೆ ವಾರಿಜಾಳ ಎದೆಯಲ್ಲಿ ಗಂಟು ಕಾಣಿಸಿ, ಪರೇಲಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಇದೇ ಕಾಯಿಲೆ ಅವಳ ಅಮ್ಮನನ್ನೂ ಅಕ್ಕನನ್ನೂ ಒಯ್ದಿತ್ತು. "ನಮ್ಮ ಮನೆಯಲ್ಲಿ ಇದು ಬಂದವರು ಯಾರೂ ಉಳಿಯಲಿಲ್ಲ" ಎಂದಳು, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು. ಸಮಾಧಾನ ಹೇಳಬೇಕಾದ ಹೊತ್ತಿನಲ್ಲಿ ಈ ಮಹಾಪಂಡಿತ ಪಾಠ ಶುರುಮಾಡಿದ: ಇಬ್ಬರನ್ನು ಕಂಡು ಎಲ್ಲರೂ ಹಾಗೆಯೇ ಎನ್ನಲಾಗದು, ಬದುಕಿದ ಒಬ್ಬಳು ಸಿಕ್ಕರೂ ನಿನ್ನ ಮಾತು ಬಿದ್ದುಹೋಗುತ್ತದೆ ಎಂದೆ.

"ಹಾಗಾದರೆ ಆ ಒಬ್ಬಳನ್ನು ತೋರಿಸಿ ನೋಡುವ" ಎಂದಳು.

ಅವಳ ತವರಿನ ಹೆಂಗಸರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ಹುಡುಕಿದೆ, ಒಬ್ಬಳೂ ಸಿಗಲಿಲ್ಲ. ಮದುವೆಯಾದ ಮೇಲೆ ಮೊದಲ ಬಾರಿಗೆ ವಾದದಲ್ಲಿ ಸೋತು, ಇನ್ನಿಲ್ಲದಂತೆ ಹೆದರಿ, ಅವಳ ಕೈ ಹಿಡಿದುಕೊಂಡೆ. ಕೊನೆಗೆ ಅವಳೇ ನನ್ನ ಬೆನ್ನು ಸವರಿದಳು.

ಮೊನ್ನೆ ಮತ್ತೆ ತಪಾಸಣೆಯಿತ್ತು. ಡಾಕ್ಟರು ರಿಪೋರ್ಟ್ ನೋಡಿ ನಕ್ಕು, ಎಲ್ಲ ಸರಿಯಿದೆ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಅದೇ ಬೆಂಚಿನ ಹತ್ತಿರ ವಾರಿಜಾ ಒಂದು ಗಳಿಗೆ ನಿಂತಳು.

"ಅವತ್ತು ಕೇಳಿದ್ದೆನಲ್ಲ, ಆ ಒಬ್ಬಳು ಸಿಕ್ಕಿದಳು" ಎಂದು ಸೀರೆಯ ನೆರಿಗೆ ಸರಿಮಾಡಿಕೊಂಡು ಸ್ಟೇಷನ್ನಿನ ಕಡೆ ನಡೆದಳು. ಕಣ್ಣೊರೆಸಿಕೊಳ್ಳುತ್ತ ನಾನು ನಾಲ್ಕು ಹೆಜ್ಜೆ ಹಿಂದೆ ಉಳಿದೆ.

ಈಗ ದಿನವೂ ಟವೆಲನ್ನು ಕಿಟಕಿಯ ಹಗ್ಗಕ್ಕೆ ಹಾಕುತ್ತೇನೆ. ಆದರೂ ಅಡುಗೆಮನೆಯಿಂದ ಅದೇ ಆಪಾದನೆ, ಒಂದು ದಿನವಾದರೂ ಒಣಗಿಸಿದ್ದುಂಟಾ ಎಂದು. ಅದು ಸುಳ್ಳೆನ್ನುವ ಸಾಕ್ಷಿ ನನ್ನ ಕಣ್ಣೆದುರೇ ತೊಟ್ಟಿಕ್ಕುತ್ತಿರುತ್ತದೆ. ನಾನು ಬಾಯಿ ಬಿಡುವುದಿಲ್ಲ, ನಾಳೆಯೂ ಕೇಳಲಿ.